ಕೋಟಿ ರೂಪಾಯಿಯ ಕೋವಿ: ಕಲೆಯಾ, ಶೋಕಿಯಾ?

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಲಂಡನ್ನಿನಲ್ಲಿರುವ ನನ್ನ ಭಾವಮೈದುನ ಅಲ್ಲಿನ ಅಂಗಡಿಯೊಂದರ ಜೋಡುನಳಿಗೆ ಕೋವಿಯ ಫೋಟೊ ಕಳಿಸಿದ್ದಾನೆ. ಉಕ್ಕಿನ ಮೇಲೆಲ್ಲ ಹೂಬಳ್ಳಿ ಕೆತ್ತನೆ. ಬೆಲೆ ಲಕ್ಷ ಪೌಂಡಿಗೂ ಜಾಸ್ತಿಯಂತೆ. ನಮ್ಮ ದುಡ್ಡಿನಲ್ಲಿ ಕೋಟಿಯ ಮೇಲೆ. ಅದು ನಮ್ಮ ಸಾದಾ ಕೋವಿಗಿಂತ ಚೆನ್ನಾಗಿ ಗುರಿ ಹೊಡೆಯುತ್ತದಾ? ಇಲ್ಲ ಅಂದರೆ ಅದನ್ನು ಕಲೆ ಅನ್ನಬೇಕಾ, ಉಪಯೋಗಕ್ಕೆ ಬಾರದ ಶೋಕಿ ಅನ್ನಬೇಕಾ? ನಮ್ಮ ಅಜ್ಜನ ಕೋವಿಯ ಮೇಲೂ ಕೆತ್ತನೆ ಇದೆ, 'ಲಂಡನ್' ಎಂದು ಬರೆದಿದೆ. ತಮ್ಮ ಮಾರಿಬಿಡೋಣ ಅನ್ನುತ್ತಿದ್ದಾನೆ. ಏನು ಮಾಡಲಿ?

ಉತ್ತರ: ಮೊದಲು ಗುರಿಯ ಮಾತು ಮುಗಿಸೋಣ. ಕೆತ್ತನೆ ಇದ್ದ ಮಾತ್ರಕ್ಕೆ ಚರೆ ನೆಟ್ಟಗೆ ಹೋಗುವುದಿಲ್ಲ. ಗದ್ದೆಗೆ ನುಗ್ಗಿದ ಹಂದಿ ಹಿಂಡನ್ನು ಹೆದರಿಸಿ ಓಡಿಸಲು ಒಂದು ಈಡು ಹಾರಿಸಬೇಕಾದರೆ ನಮ್ಮ ಆರ್ಡ್‌ನನ್ಸ್ ಫ್ಯಾಕ್ಟರಿಯ ಹನ್ನೆರಡು ಬೋರಿನ ಕೋವಿ ಧಾರಾಳ ಸಾಕು. ಲಕ್ಷ ಪೌಂಡಿನದನ್ನು ಮಲೆನಾಡಿನ ಮಳೆಯಲ್ಲಿ ಗದ್ದೆ ಬದುವಿಗೆ ಒಯ್ಯುವವನಿದ್ದರೆ ಅವನಿಗೆ ನಾನೇ ಬುದ್ಧಿ ಹೇಳುತ್ತೇನೆ.

ಆದರೆ 'ಉಪಯೋಗಕ್ಕೆ ಬಾರದ್ದು' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕೊಡಗಿನಲ್ಲಿ ಕೂತು ಮೂವತ್ತು ವರ್ಷ ಕೋವಿ ರಿಪೇರಿ ಮಾಡಿದವನು ನಾನು. ಬ್ರಿಟಿಷ್ ಕಾಫಿ ಪ್ಲಾಂಟರುಗಳು ಬಿಟ್ಟುಹೋದ ಕೋವಿಗಳು ಇಲ್ಲಿನ ಹಳೇ ಮನೆಗಳಲ್ಲಿ ಇನ್ನೂ ಇವೆ. ಅಂಥದ್ದನ್ನು ಬಿಚ್ಚಿ ಮೇಜಿನ ಮೇಲೆ ಹರಡಿದಾಗ ನನಗೆ ಪ್ರತಿಸಲವೂ ಅನ್ನಿಸುವುದು ಒಂದೇ: ಇಲ್ಲಿ ಯಾವುದನ್ನೂ ಸುಮ್ನೆ ಇಟ್ಟಿಲ್ಲ.

ಈ ಕೋವಿಗಳು ಯಾವ ಕೆಲಸಕ್ಕೆ ಹುಟ್ಟಿದವು ಅಂತ ಮೊದಲು ನೋಡಬೇಕು. ನಮ್ಮ ಕಡೆಯ ಹಳೇ ಬೇಟೆಯಲ್ಲಿ ದಿನವಿಡೀ ಕಾಡು ಸುತ್ತಿ ಒಂದು ಈಡು ಹಾರಿದರೆ ಅದೇ ಹೆಚ್ಚು. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ದೊಡ್ಡ ಎಸ್ಟೇಟುಗಳಲ್ಲಿ ಕಥೆಯೇ ಬೇರೆ. ಆಳುಗಳು ಸಾಲಾಗಿ ಸೋವುತ್ತಾ ಬರುತ್ತಿದ್ದರು. ಎದ್ದ ಹಕ್ಕಿಗಳು ದೊರೆಗಳ ತಲೆಯ ಮೇಲೆ ಹಾರಿ ಹೋಗುತ್ತಿದ್ದವು. ದೊರೆಯ ಹಿಂದೆ ತೋಟಾ ತುಂಬಿಕೊಡುವ ಆಳು. ಒಂದು ಕೋವಿ ಖಾಲಿಯಾದ ಕೂಡಲೇ ಇನ್ನೊಂದು ಕೈಗೆ ಬರಬೇಕು. ಅದಕ್ಕೇ ಅವರು ಕೋವಿಗಳನ್ನು ಜೋಡಿಯಾಗಿ ಮಾಡಿಸುತ್ತಿದ್ದರು. ತೂಕ, ಉದ್ದ, ಹಿಡಿತ ಎಲ್ಲ ಅವಳಿ ಮಕ್ಕಳ ಹಾಗೆ. ಯಾವುದು ಕೈಗೆ ಬಂತು ಎಂದು ಕೈಗೇ ಗೊತ್ತಾಗಬಾರದು.

ಪಂಜಾಬಿನ ಕೊನೆಯ ಮಹಾರಾಜ ದುಲೀಪ್ ಸಿಂಗ್ ರಾಜ್ಯ ಕಳೆದುಕೊಂಡು ಇಂಗ್ಲೆಂಡಿನ ಎಲ್ವೆಡನ್ ಎಸ್ಟೇಟಿನಲ್ಲಿದ್ದ. 1876ರಲ್ಲಿ ಒಂದೇ ದಿನ 780 ಕೌಜುಗ ಹೊಡೆದ. ಖರ್ಚಾದ ತೋಟಾ 1000. ರಿಪನ್ ಎಂಬ ಇನ್ನೊಬ್ಬ ಶ್ರೀಮಂತ ಜೀವಮಾನದಲ್ಲಿ 5 ಲಕ್ಷಕ್ಕೂ ಹೆಚ್ಚು ಹಕ್ಕಿ, ಪ್ರಾಣಿ ಹೊಡೆದು ಲೆಕ್ಕ ಬರೆದಿಟ್ಟ. 1923ರಲ್ಲಿ ಬೇಟೆಯ ಬಯಲಿನಲ್ಲೇ ಸತ್ತ. ಓದಿದರೆ ಹೊಟ್ಟೆ ತೊಳಸುತ್ತದೆ, ಅಲ್ವಾ? ನನಗೂ ಅಷ್ಟೇ. ಆದರೆ ಒಬ್ಬ ರಿಪೇರಿಯವನ ಕಣ್ಣಿನಿಂದ ನೋಡಿ. ದಿನಕ್ಕೆ ಸಾವಿರ ಈಡು ತಾಳಬೇಕು. ಭುಜ ಮುರಿಯಬಾರದು. ಸಂಜೆಯ ತನಕ ಎತ್ತಿ ಇಳಿಸಲು ಹಗುರವಾಗಿರಬೇಕು, ಅಂದರೆ ಸುಮಾರು ಮೂರು ಕಿಲೋ. ಇಪ್ಪತ್ತು ವರ್ಷವಾದರೂ ಕೀಲು ಸಡಿಲವಾಗಬಾರದು. ಇದಕ್ಕಿಂತ ಕಠಿಣವಾದ ಕೆಲಸವನ್ನು ಯಾವ ಕೋವಿಗೂ ಯಾರೂ ಕೊಟ್ಟಿಲ್ಲ.

ಲಂಡನ್ನಿನ ಪರ್ಡಿ ಕಂಪನಿ 1814ರದ್ದು, ಹಾಲೆಂಡ್ ಆ್ಯಂಡ್ ಹಾಲೆಂಡ್ 1835ರದ್ದು. 1880ರಲ್ಲಿ ಫ್ರೆಡರಿಕ್ ಬೀಸ್ಲಿ ಎಂಬ ಕಸುಬುದಾರ ಒಂದು ಹೊಸ ಕೀಲಿನ ಪೇಟೆಂಟ್ ಪಡೆದ. ಪರ್ಡಿಯವರು ಅದನ್ನು ಕೊಂಡರು. ಸನ್ನೆ ತಿರುಗಿಸಿದರೆ ಒಳಗಿನ ಸ್ಪ್ರಿಂಗಿನ ಬಲದಿಂದ ಕೋವಿ ತಾನಾಗಿಯೇ ಬಾಯಿ ತೆರೆಯುತ್ತದೆ. ಮುಚ್ಚುವಾಗ ಆ ಸ್ಪ್ರಿಂಗ್ ಮತ್ತೆ ಬಿಗಿಯಾಗುತ್ತದೆ. ಇದರಿಂದ ಉಳಿಯುವುದು ಒಂದೆರಡು ಕ್ಷಣ ಅಷ್ಟೇ. ಹಕ್ಕಿಗಳ ಹಿಂಡು ತಲೆಯ ಮೇಲಿರುವಾಗ ಬೇಕಾದದ್ದೂ ಅಷ್ಟೇ. ಪರ್ಡಿಯವರು ಆ ಕೀಲನ್ನು ಇವತ್ತಿಗೂ ಬಿಟ್ಟಿಲ್ಲ.

ಹಾಗಾಗಿ ನನ್ನ ಲೆಕ್ಕ ಇದು. ಕೋವಿ ಉಪಯೋಗಕ್ಕೆ ಬಾರದ್ದಲ್ಲ. ಅದಕ್ಕೆ ಒಪ್ಪಿಸಿದ ಆ ಕೆಲಸ ಇದೆಯಲ್ಲ, ಶೋಕಿ ಇರುವುದು ಅಲ್ಲಿ.

ಇನ್ನು ದುಡ್ಡು ಎಲ್ಲಿ ಹೋಗುತ್ತದೆ ಅಂತ. ಎಲ್ಲರೂ ಕೆತ್ತನೆ ನೋಡಿ ಬೆಲೆ ಅದಕ್ಕೇ ಅಂದುಕೊಳ್ಳುತ್ತಾರೆ. ಹೆಚ್ಚಿನ ಕೆಲಸ ಇರುವುದು ಕಣ್ಣಿಗೆ ಬೀಳದ ಕಡೆ. ಎರಡು ಉಕ್ಕಿನ ತುಂಡು ಒಂದರೊಳಗೊಂದು ಕೂರಬೇಕು ಅಂತಿಟ್ಟುಕೊಳ್ಳಿ. ಕಸುಬುದಾರ ಒಂದನ್ನು ಎಣ್ಣೆ ಬುಡ್ಡಿಯ ಹೊಗೆಗೆ ಹಿಡಿಯುತ್ತಾನೆ. ಮೈಗೆಲ್ಲ ಮಸಿ ಹತ್ತುತ್ತದೆ. ಅದನ್ನು ಇನ್ನೊಂದಕ್ಕೆ ಒತ್ತಿ ತೆಗೆಯುತ್ತಾನೆ. ಮಸಿ ಅಂಟಿದ ಜಾಗ ಉಬ್ಬಿದೆ ಎಂದು ಅರ್ಥ. ಅಷ್ಟನ್ನೇ ಅರದಿಂದ ಒಂದೆಳೆ ಸವರುತ್ತಾನೆ. ಮತ್ತೆ ಹೊಗೆ, ಮತ್ತೆ ಒತ್ತು, ಮತ್ತೆ ಅರ. ಮೈಪೂರ್ತಿ ಒಂದೇ ಸಮ ಮಸಿ ಅಂಟುವ ತನಕ ಬಿಡುವುದಿಲ್ಲ. ಉಕ್ಕು ಮರಕ್ಕೆ ಕೂರುವ ಕಡೆಯೂ ಇದೇ ವಿಧಾನ. ನಮ್ಮಪ್ಪ ನನಗೆ ಕಲಿಸಿದ್ದೂ ಇದನ್ನೇ. ಅವರು ಲಂಡನ್ ನೋಡಿದವರಲ್ಲ. ಇಂಥ ಕೋವಿಗಳನ್ನು ಬಿಚ್ಚಿ ಬಿಚ್ಚಿಯೇ ಕಲಿತವರು.

ನಳಿಗೆ ಮಾಡುವವನು ಬೇರೆ, ಕೀಲು ಕೂರಿಸುವವನು ಬೇರೆ, ಮರದವನು ಬೇರೆ, ಕೆತ್ತುವವನು ಬೇರೆ. ಮರ ವಾಲ್‌ನಟ್, ಹೆಚ್ಚಾಗಿ ಟರ್ಕಿ ಕಡೆಯದು. ಕೊಳ್ಳುವವನ ತೋಳಿನ ಉದ್ದ, ಕುತ್ತಿಗೆ, ಕೆನ್ನೆಯ ಮೂಳೆ, ಯಾವ ಕಣ್ಣು ಜೋರು ಎಲ್ಲ ನೋಡಿ ಅದನ್ನು ಕಡೆಯುತ್ತಾರೆ. ದರ್ಜಿ ಅಂಗಿಗೆ ಅಳತೆ ತೆಗೆದ ಹಾಗೆ. ಬಲಗಣ್ಣು ಹೋದವನು ಬಲ ಭುಜಕ್ಕೇ ಕೋವಿ ಏರಿಸಿ ಎಡಗಣ್ಣಿನಿಂದ ಗುರಿ ನೋಡಲಿ ಎಂದು ಮರವನ್ನು ಹಾವಿನ ಹಾಗೆ ಬಳುಕಿಸಿ ಮಾಡಿಕೊಟ್ಟ ಕೋವಿಗಳೂ ಇವೆ. ಅದನ್ನು ಶೋಕಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ದೊಡ್ಡ ಪ್ರಾಣಿಗಳಿಗೆ ಮಾಡುತ್ತಿದ್ದ ಜೋಡುನಳಿಗೆ ರೈಫಲ್ ಇನ್ನೂ ತಲೆನೋವು. ಎರಡು ನಳಿಗೆ ಪಕ್ಕಪಕ್ಕ ಇಟ್ಟರೆ ಗುಂಡುಗಳು ಎರಡು ದಾರಿ ಹಿಡಿಯುತ್ತವೆ. ಬಲ ನಳಿಗೆ ಹಾರಿದಾಗ ಕೋವಿ ಮೇಲಕ್ಕೂ ಬಲಕ್ಕೂ ಒದೆಯುತ್ತದೆ, ಎಡದ್ದು ಎಡಕ್ಕೆ. ಆದ್ದರಿಂದ ನಳಿಗೆಗಳನ್ನು ಮುಂದೆ ಸ್ವಲ್ಪ ಕೂಡಿಕೊಳ್ಳುವ ಹಾಗೆ ಜೋಡಿಸಬೇಕು. ಎಷ್ಟು ಎಂದು ಲೆಕ್ಕ ಹಾಕಿ ಹೇಳಲು ಬರುವುದಿಲ್ಲ. ಹೊಡೆದು ನೋಡಬೇಕು. ತವರದ ಬೆಸುಗೆ ಕರಗಿಸಿ, ನಳಿಗೆಗಳ ನಡುವಿನ ಬೆಣೆಯನ್ನು ಕೂದಲೆಳೆಯಷ್ಟು ಸರಿಸಿ, ಆರಿಸಿ, ಮತ್ತೆ ಹೊಡೆಯಬೇಕು. ಎರಡೂ ಗುಂಡು ಒಂದೇ ಕಡೆ ಬೀಳುವ ತನಕ ದಿನಗಟ್ಟಲೆ ಇದೇ ಕೆಲಸ. ಇಷ್ಟೆಲ್ಲ ಮಾಡಿದ್ದು ಒಂದೇ ಬಗೆಯ ತೋಟಾಕ್ಕೆ. ತೋಟಾ ಬದಲಾಯಿಸಿದರೆ ಲೆಕ್ಕ ತಪ್ಪುತ್ತದೆ.

ಈಗ ಉಕ್ಕನ್ನು ಒರಟಾಗಿ ಕಡೆಯುವುದು ಲಂಡನ್ನಿನಲ್ಲೂ ಕಂಪ್ಯೂಟರ್ ಯಂತ್ರವೇ. ಕೊನೆಯ ಜೋಡಣೆ ಮಾತ್ರ ಕೈಯದ್ದು. ನನಗೆ ಅದರಲ್ಲಿ ಮೋಸ ಕಾಣುವುದಿಲ್ಲ. ಹಿಟ್ಟು ರುಬ್ಬಿದ್ದು ಗ್ರೈಂಡರ್ ಆದರೂ ದೋಸೆ ಹುಯ್ಯುವ ಕೈ ಬೇಕೇ ಬೇಕು.

ಕೆತ್ತನೆಗೆ ಬರೋಣ. ಉಕ್ಕು ಇನ್ನೂ ಮೆದುವಾಗಿರುವಾಗಲೇ ಸಣ್ಣ ಉಳಿ, ಸುತ್ತಿಗೆ ಹಿಡಿದು ಕೆತ್ತುತ್ತಾರೆ. ಲಂಡನ್ನಿನ ಹಳೇ ಪದ್ಧತಿ ಅಂದರೆ ಗುಲಾಬಿ ಗೊಂಚಲು, ಸುತ್ತ ಸುರುಳಿ ಬಳ್ಳಿ, ಎಲ್ಲ ಸಾಸಿವೆ ಕಾಳಿನಷ್ಟು ಸಣ್ಣದು. ಅದಕ್ಕೂ ಉಪಯೋಗ ಇದೆ. ನುಣುಪಾದ ಉಕ್ಕು ಬಿಸಿಲಿಗೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಬಳ್ಳಿ ಆ ಹೊಳಪನ್ನು ಮುರಿಯುತ್ತದೆ. ಸಣ್ಣಪುಟ್ಟ ಗೀರು ಅದರಲ್ಲಿ ಕಾಣುವುದಿಲ್ಲ. ಕೆತ್ತಿ ಆದ ಮೇಲೆ ಮೂಳೆಯ ಇದ್ದಿಲಿನಲ್ಲಿ ಹೂತು ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಮೇಲ್ಮೈ ಗಟ್ಟಿಯಾಗುತ್ತದೆ. ಜೊತೆಗೆ ನೀಲಿ, ಕಂದು, ಹುಲ್ಲಿನ ಬಣ್ಣದ ಮೋಡಗಳು ಏಳುತ್ತವೆ. ಯಾವ ಎರಡು ಕೋವಿಯಲ್ಲೂ ಆ ಮೋಡ ಒಂದೇ ಥರ ಇರುವುದಿಲ್ಲ. ಕೆಲವು ಸಲ ಈ ಬಿಸಿಗೆ ಉಕ್ಕು ಸೊಟ್ಟಗಾಗುತ್ತದೆ. ಆಗ ಮಸಿ ಬುಡ್ಡಿಯ ಕೆಲಸ ಮತ್ತೊಂದು ಸುತ್ತು.

ನನಗೆ ಅತಿ ಇಷ್ಟದ ಜಾಗ ಸ್ಕ್ರೂಗಳು. ಒಳ್ಳೆಯ ಕೋವಿಯಲ್ಲಿ ಎಲ್ಲ ಸ್ಕ್ರೂಗಳ ಗೀಟು ನಳಿಗೆಯ ಉದ್ದಕ್ಕೇ ಸಾಲಾಗಿ ನಿಂತಿರುತ್ತದೆ. ಅದು ತಾನಾಗಿ ಬರುವುದಿಲ್ಲ. ಸ್ಕ್ರೂವನ್ನು ಪೂರ್ತಿ ಬಿಗಿದು, ಗೀಟು ಎಲ್ಲಿ ಬರಬೇಕೋ ಅಲ್ಲಿ ಗುರುತು ಹಾಕಿ, ಬಿಚ್ಚಿ ಆಮೇಲೆ ಕೊರೆಯುತ್ತಾರೆ. ಬಳ್ಳಿಯ ಕೆತ್ತನೆ ಸ್ಕ್ರೂ ತಲೆಯ ಮೇಲೂ ಹಾದು ಆಚೆ ಹೋಗುತ್ತದೆ. ಸ್ಕ್ರೂ ಚೂರು ತಿರುಗಿ ನಿಂತಿದ್ದರೂ ಯಾರೋ ಹೊಟ್ಟೆಪಾಡಿನವನು ಕೈ ಹಾಕಿದ್ದಾನೆ ಎಂದು ನೂರು ವರ್ಷವಾದರೂ ಗೊತ್ತಾಗುತ್ತದೆ.

ಆ ಹೊಟ್ಟೆಪಾಡಿನವರಲ್ಲಿ ನಾನೂ ಒಬ್ಬ. ಇಪ್ಪತ್ತೆರಡು ವರ್ಷದವನಿದ್ದಾಗ ತೋಟದ ಮನೆಯವರೊಬ್ಬರು ತುಕ್ಕು ಹಿಡಿದ ಕೋವಿ ತಂದುಕೊಟ್ಟರು. ಅಪ್ಪ ಊರಲ್ಲಿರಲಿಲ್ಲ. ಮೆಚ್ಚಿಸಬೇಕೆಂದು ಎಮೆರಿ ಕಾಗದದಿಂದ ತಿಕ್ಕಿ ತಿಕ್ಕಿ ಬೆಳ್ಳಗೆ ಹೊಳೆಯಿಸಿಬಿಟ್ಟೆ. ಮೋಡದ ಬಣ್ಣ ಹೋಯಿತು, ಬಳ್ಳಿಯ ಏಣು ಸವೆದು ಸಾಬೂನಿನ ಮೇಲೆ ಕೆತ್ತಿದ ಹಾಗಾಯಿತು. ಮನೆಯವರಿಗೆ ಭಾರೀ ಖುಷಿ. ಅಪ್ಪ ಬಂದು ನೋಡಿದರು. ಬೈಯಲಿಲ್ಲ. ಆ ದಿನದ ಕೂಲಿಯನ್ನು ಅವರಿಗೆ ವಾಪಸ್ ಕಳಿಸಿದರು.

ಇಟಲಿಯ ಮಾತು ಬೇರೆ. ಬ್ರೆಷಿಯಾ ಪಕ್ಕದ ಗಾರ್ಡೋನೆ ಕಣಿವೆಯಲ್ಲಿ ಕಬ್ಬಿಣದ ಅದಿರು, ನದಿಯ ನೀರು, ಕಾಡಿನ ಇದ್ದಿಲು ಮೂರೂ ಇದ್ದವು. ಶತಮಾನಗಳಿಂದ ಅದು ಕೋವಿಯ ಊರು. ಬೆರೆಟ್ಟಾ ಮನೆತನ 1526ರಲ್ಲಿ ವೆನಿಸ್ಸಿಗೆ 185 ನಳಿಗೆ ಮಾರಿದ ಲೆಕ್ಕಪತ್ರ ಇನ್ನೂ ಇದೆ. ಅಲ್ಲಿನ ಈಗಿನ ಹೆಸರಾಂತ ಕೆತ್ತನೆಗೆ ಬುಲಿನೋ ಅನ್ನುತ್ತಾರೆ. ಸುತ್ತಿಗೆ ಇಲ್ಲ. ಚೂಪಾದ ಕಡ್ಡಿಯನ್ನು ಅಂಗೈಯಿಂದ ಒತ್ತಿ, ಭೂತಗನ್ನಡಿಯ ಕೆಳಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆ, ಗೆರೆ ಹಾಕುತ್ತಾ ಹೋಗುತ್ತಾರೆ. ದೂರದಿಂದ ನೋಡಿದರೆ ಕಪ್ಪುಬಿಳುಪು ಫೋಟೊ. ನಾಯಿಯ ಮೂಗಿನ ತೇವ, ಹಕ್ಕಿಯ ಪುಕ್ಕದ ಎಳೆ ಎಲ್ಲ ಕಾಣುತ್ತದೆ. ಫಿರ್ಮೋ ಫ್ರಕಾಸ್ಸಿ ಈ ವಿದ್ಯೆಯಲ್ಲಿ ದೊಡ್ಡ ಹೆಸರು. ಇಂಥ ಒಂದು ಕೋವಿಯ ಕೆತ್ತನೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಕೆಲವೊಮ್ಮೆ ಕೋವಿಗಿಂತ ಕೆತ್ತನೆಯ ಕೂಲಿಯೇ ಜಾಸ್ತಿ.

ಇದು ಕಲೆಯಾ? ಕಲೆಯೇ, ಅನುಮಾನ ಬೇಡ. ಆದರೆ ನನಗೆ ಸ್ವಲ್ಪ ಬೇಸರವೂ ಆಗುತ್ತದೆ. ಅಷ್ಟು ನವಿರಾದ ಚುಕ್ಕೆಗಳು ಕೈ ಬೆವರಿಗೆ, ಉಜ್ಜಾಟಕ್ಕೆ ಸವೆಯುತ್ತವೆ. ಹಾಗಾಗಿ ಅಂಥ ಕೋವಿ ಪೆಟ್ಟಿಗೆಯಿಂದ ಹೊರಗೆ ಬರುವುದೇ ಅಪರೂಪ. ಒಂದು ಈಡೂ ಹಾರಿಸದ ಕೋವಿ ನನ್ನ ಪಾಲಿಗೆ ಉಕ್ಕಿನ ಮೇಲೆ ಬರೆದ ಚಿತ್ರ. ಚಿತ್ರವೇ ಬೇಕಿದ್ದರೆ ಅದರ ಕೆಳಗೆ ಟ್ರಿಗರ್ ಯಾಕೆ? ಇಲ್ಲಿ ಮಾತ್ರ ನಿಮ್ಮ 'ಶೋಕಿ' ಅನ್ನುವ ಮಾತಿಗೆ ನಾನೂ ತಲೆಯಾಡಿಸುತ್ತೇನೆ. ಮಾರುಕಟ್ಟೆಗೂ ಇದು ಗೊತ್ತಿದೆ. ಹಾಲೆಂಡ್ ಆ್ಯಂಡ್ ಹಾಲೆಂಡನ್ನು 1989ರಲ್ಲಿ ಕೊಂಡದ್ದು ಸೆಂಟಿನ ಬಾಟಲಿ ಮಾರುವ ಶನೆಲ್. 2021ರಲ್ಲಿ ಅದು ಬೆರೆಟ್ಟಾ ಕೈಗೆ ಹೋಯಿತು. ಪರ್ಡಿ 1994ರಿಂದ ರಿಶ್ಮೋಂ ಕಂಪನಿಯದ್ದು. ಕಾರ್ಟಿಯೇ ಒಡವೆ, ವಾಚುಗಳೂ ಅದೇ ಮನೆಯವು.

ಕೋವಿ ಮಾಡುವವನನ್ನು ಕಲಾವಿದ ಅನ್ನುವುದು ಹೊಸದೇನಲ್ಲ. ಫ್ರಾನ್ಸಿನ ವರ್ಸೇಲ್ಸ್ ಕಾರ್ಖಾನೆಯಲ್ಲಿ ನೆಪೋಲಿಯನ್ ಕಾಲದಲ್ಲಿದ್ದ ಬುಟೆ ಎಂಬಾತ ಕೋವಿಗಳ ಮೇಲೆ ತನ್ನ ಹೆಸರಿನ ಜೊತೆ 'ನಿರ್ದೇಶಕ, ಕಲಾವಿದ' ಎಂದೇ ಕೆತ್ತಿಸುತ್ತಿದ್ದ. ಅಷ್ಟು ದೂರ ಯಾಕೆ, ಅದಕ್ಕೂ ಮೊದಲು ನಮ್ಮ ಶ್ರೀರಂಗಪಟ್ಟಣದಲ್ಲೇ ಇಂಥ ಕೆಲಸ ನಡೆದಿದೆ.

ಟಿಪ್ಪುವಿನ ಕಾರ್ಖಾನೆಯಲ್ಲಿ ಅವನಿಗಾಗಿ ಮಾಡಿದ ಕೋವಿ, ಪಿಸ್ತೂಲುಗಳನ್ನು ನೋಡಿದರೆ ನಿಮ್ಮ ಪ್ರಶ್ನೆಯೇ ಬೇರೆ ರೂಪ ಪಡೆಯುತ್ತದೆ. ಕಲ್ಲು ಬಡಿದು ಕಿಡಿ ಹಾರಿಸುವ ಯುರೋಪಿನ ಯಂತ್ರವನ್ನೇ ಕಲಿತು ಮಾಡಿದ್ದು. ಆದರೆ ಮೈತುಂಬ ಹುಲಿ. ನಳಿಗೆಯ ಮೇಲೆ ಬೆಳ್ಳಿ, ಚಿನ್ನದ ಹುಲಿಪಟ್ಟೆ. ಕಲ್ಲು ಕಚ್ಚಿ ಬಡಿಯುವ ಕೊಕ್ಕೆಗೆ ನಾವು ಕುದುರೆ ಅನ್ನುತ್ತೇವೆ, ಅದೂ ಹುಲಿಯ ಆಕಾರ. ಕೆಲವದರ ಮೇಲೆ ಹುಲಿ ಬಿಳಿ ಸಿಪಾಯಿಯ ಮೇಲೆ ಬಿದ್ದಿರುವ ಚಿತ್ರ. ಪಿಸ್ತೂಲ್ ಜೋಡಿಯಲ್ಲಿ ಒಂದರ ಯಂತ್ರ ಬಲಕ್ಕೆ, ಇನ್ನೊಂದರದ್ದು ಎಡಕ್ಕೆ, ಎರಡು ಕೈಗೂ ಸರಿಹೋಗುವ ಹಾಗೆ. ನಮ್ಮ ಕಸುಬಿನವನಿಗೆ ಇದು ಹುಲಿಗಿಂತ ದೊಡ್ಡ ವಿಷಯ. ಎಡದ ಯಂತ್ರ ಅಂದರೆ ಪ್ರತಿಯೊಂದು ಚೂರನ್ನೂ ಕನ್ನಡಿಯಲ್ಲಿ ನೋಡಿದಂತೆ ಉಲ್ಟಾ ಮಾಡಬೇಕು.

ಅಲ್ಲಿ ಕೆತ್ತನೆ ಬರೀ ಅಂದಕ್ಕಲ್ಲ. ಈ ಕೋವಿ ಯಾರ ಕಡೆಯದು, ಯಾರ ವಿರುದ್ಧದ್ದು ಎಂದು ಅದು ಬಾಯಿಬಿಟ್ಟು ಹೇಳುತ್ತದೆ. 1799ರ ಮೇ 4ರಂದು ಕೋಟೆ ಬಿತ್ತು. ಯಾರ ವಿರುದ್ಧ ಮಾಡಿದ್ದರೋ ಅವರೇ ಅವನ್ನು ಜೋಪಾನವಾಗಿ ಕಟ್ಟಿಕೊಂಡು ಹೋದರು. 2019ರಲ್ಲಿ ಇಂಗ್ಲೆಂಡಿನ ಒಂದು ಮನೆಯ ಅಟ್ಟದಿಂದ ಹೊರಬಂದ ಟಿಪ್ಪುವಿನ ಬೆಳ್ಳಿ ಕಟ್ಟಿನ ಕೋವಿ, ಬಯೊನೆಟ್ ಸಮೇತ, ಹರಾಜಿನಲ್ಲಿ 60,000 ಪೌಂಡಿಗೆ ಹೋಯಿತು.

ಇದರ ಎದುರು ಇನ್ನೊಂದು ಕೋವಿ ಇಡುತ್ತೇನೆ. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ ಜಿಮ್ ಕಾರ್ಬೆಟ್‌ಗೆ ಸರ್ಕಾರದ ಕಡೆಯಿಂದ ಲಂಡನ್ನಿನ ರಿಗ್ಬಿ ಕಂಪನಿಯ ಒಂದು ರೈಫಲ್ ಸಿಕ್ಕಿತು. ಹೂವಿಲ್ಲ, ಬಳ್ಳಿಯಿಲ್ಲ. ಮರದ ಮೇಲೆ ಯಾರು, ಯಾಕೆ ಕೊಟ್ಟರು ಎಂದು ಬರೆದ ಸಣ್ಣ ಬೆಳ್ಳಿ ತಗಡು ಅಷ್ಟೇ. ಅದೇ ರೈಫಲಿನಿಂದ ಆತ 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನೂ ಹೊಡೆದ. ಈಗ ಅದನ್ನು ಮಾಡಿದ ರಿಗ್ಬಿಯವರೇ ವಾಪಸ್ ಪಡೆದು ಇಟ್ಟುಕೊಂಡಿದ್ದಾರೆ. ನಮ್ಮ ಕೊಡಗಿನಲ್ಲೂ ಮನೆ ಕೋವಿಗೆ ಕೆತ್ತನೆ ಇರುವುದು ಕಡಿಮೆ. ಅದರ ಬದಲು ಹೂವಿದೆ. ಸೆಪ್ಟೆಂಬರ್ ಮೊದಲಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ನಿಮ್ಮ ಕಡೆ ಗೌರಿ ಹೂ ಅನ್ನುತ್ತೀರಲ್ಲ, ಅದೇ. ಮಾರನೆಯ ದಿನಕ್ಕೆ ಬಾಡುತ್ತದೆ.

ನಿಮ್ಮ ಅಜ್ಜನ ಕೋವಿಗೆ ಬರೋಣ. 'ಲಂಡನ್' ಎಂದು ಬರೆದ ಮಾತ್ರಕ್ಕೆ ಲಂಡನ್ನಿನದಾಗುವುದಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿ ಬೇರೆಯವರ ಹೆಸರು ಕೆತ್ತಿದ್ದು ಬೇಕಾದಷ್ಟಿದೆ. ಬೆಲ್ಜಿಯಂನದೂ ಇದೆ. ನಳಿಗೆ ಬಿಚ್ಚಿ ತಳ ನೋಡಿ. ಅಲ್ಲಿ ಸಣ್ಣ ಮುದ್ರೆಗಳಿರುತ್ತವೆ. ಕಿರೀಟದ ಕೆಳಗೆ ಜಿ, ಪಿ ಅಕ್ಷರ ಹೆಣೆದಂತಿದ್ದರೆ ಲಂಡನ್ನಿನಲ್ಲಿ ಪರೀಕ್ಷೆಯಾಗಿದೆ. ಮೊಟ್ಟೆಯಾಕಾರದ ಗೆರೆಯೊಳಗೆ ಇ, ಎಲ್, ಜಿ ಇದ್ದರೆ ಬೆಲ್ಜಿಯಂನ ಲೀಜ್ ಊರಿನದು. ಕೆತ್ತನೆಯನ್ನು ಭೂತಗನ್ನಡಿಯಲ್ಲಿ ನೋಡಿ. ಕೈ ಕೆಲಸವಾದರೆ ಗೆರೆಯ ಆಳ ಹೆಚ್ಚುಕಮ್ಮಿ ಇರುತ್ತದೆ, ತುದಿ ಚೂಪಾಗಿರುತ್ತದೆ. ಅಚ್ಚೊತ್ತಿದ್ದಾದರೆ ಎಲ್ಲ ಒಂದೇ ಸಮ, ಅಂಚು ಮೊಂಡು. ಒಳ್ಳೆಯ ಹೆಸರಿನದಾಗಿದ್ದರೆ ನಂಬರ್ ಬರೆದು ಕಂಪನಿಗೇ ಕೇಳಬಹುದು. ಯಾರಿಗೆ, ಯಾವ ವರ್ಷ ಮಾಡಿಕೊಟ್ಟದ್ದು ಎಂದು ಹಳೇ ಪುಸ್ತಕ ನೋಡಿ ಹೇಳುತ್ತಾರೆ.

ನಳಿಗೆಯ ಮೇಲೆ ನೀರಲೆಯಂಥ ಪಟ್ಟೆ ಕಾಣುತ್ತಿದೆಯಾ? ಹಾಗಿದ್ದರೆ ಅದು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ತಿರುಚಿ, ಸುತ್ತಿ, ಬಡಿದು ಮಾಡಿದ ಡಮಾಸ್ಕಸ್ ನಳಿಗೆ. ಹೆಚ್ಚಿನವು ಕರಿಮದ್ದಿನ ಕಾಲದವು. ಈಗಿನ ತೋಟಾ ಹಾಕಿದರೆ ಒಡೆಯಬಹುದು. ಪಟ್ಟೆ ಇಲ್ಲದಿದ್ದರೂ ಹಳೇ ಇಂಗ್ಲಿಷ್ ಕೋವಿಗಳ ತೋಟಾ ಕೂರುವ ಜಾಗ ಸಾಮಾನ್ಯವಾಗಿ 65 ಮಿಲಿಮೀಟರ್, ಈಗಿನ ತೋಟಾ 70. ಒಳಗೆ ಹೋಗಿ ಕೂರುತ್ತದೆ, ಅದೇ ಅಪಾಯ. ಹಾರುವಾಗ ತೋಟಾದ ಮಡಿಸಿದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ.

ಮಾರುವುದಾದರೆ ಲಂಡನ್ ಬೆಲೆಯ ಆಸೆ ಬಿಡಿ. ನೂರು ವರ್ಷ ದಾಟಿದ್ದರೆ 1972ರ ಪುರಾವಸ್ತು ಕಾಯ್ದೆ ಅಡ್ಡ ಬರುತ್ತದೆ. ಖಾಸಗಿಯವರು ಅಂಥದ್ದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಇಲ್ಲೇ ಮಾರುವುದಾದರೆ ಲೈಸೆನ್ಸ್ ಇದ್ದವರಿಗೆ ಅಥವಾ ಲೈಸೆನ್ಸ್ ಇರುವ ಅಂಗಡಿಗೆ ಮಾತ್ರ. 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡೇ ಕೋವಿ. ಮೊದಲು ಮೂರು ಇತ್ತು. ಹಾಗಾಗಿ ಕೊಳ್ಳುವವರೂ ಕಡಿಮೆಯಾಗಿದ್ದಾರೆ. ತಮ್ಮನಿಗೆ ಇದನ್ನು ಮೊದಲು ಹೇಳಿ. ಅಜ್ಜನ ಹೆಸರಿನ ಲೈಸೆನ್ಸ್ ವಾರಸುದಾರರ ಹೆಸರಿಗೆ ಬಂದಿದೆಯಾ ಎಂದೂ ನೋಡಿಕೊಳ್ಳಿ. ಬಂದಿಲ್ಲದಿದ್ದರೆ ಬೆಲೆಯ ಮಾತಿಗಿಂತ ಮೊದಲು ಪೊಲೀಸ್ ಠಾಣೆಯ ಕೆಲಸ ಇದೆ.

ಬಿಚ್ಚಿದಾಗ ನಳಿಗೆಯ ತಳದ್ದೊಂದು, ಎರಡು ಪಕ್ಕದ ಕೆತ್ತನೆಯದ್ದೊಂದೊಂದು, ಸ್ಕ್ರೂಗಳದ್ದೊಂದು ಫೋಟೊ ತೆಗೆದು ಕಳಿಸಿ. ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ. ತುಕ್ಕಿದ್ದರೆ ಹತ್ತಿ ಬಟ್ಟೆಗೆ ತೆಳು ಎಣ್ಣೆ ಹಾಕಿ ಒರೆಸಿ, ಅಷ್ಟೇ. ಬ್ರಾಸೋ ಬೇಡ, ಎಮೆರಿ ಬೇಡ. ನಾನು ನೋಡಿ ಹೇಳುವ ತನಕ ಅದಕ್ಕೆ ತೋಟಾ ಹಾಕಬೇಡಿ.